ತಟ್ಟೆಯ ಚಿಂತೆ, ಸಂಬಳದ ಪುಸ್ತಕದ ಚಿಂತೆ

ಪ್ರಶ್ನೆ: ಅಯ್ಯನವರೇ, ವಂದನೆಗಳು. ಬೆಂಗಳೂರಿನ ಒಂದು ಬಡಾವಣೆಯಲ್ಲಿ ನಮ್ಮದೊಂದೇ ಕ್ರೈಸ್ತರ ಮನೆ. ಅಕ್ಕಪಕ್ಕದವರು ಬಹಳ ಒಳ್ಳೆಯವರು. ಸಂಕ್ರಾಂತಿಗೆ ಎಳ್ಳು ಬೀರಲು ಮಕ್ಕಳನ್ನು ಕಳಿಸುತ್ತಾರೆ, ಗೃಹಪ್ರವೇಶಕ್ಕೆ ಕರೆಯುತ್ತಾರೆ, ಪೂಜೆ ಮುಗಿಸಿ ಪ್ರಸಾದ ತಂದುಕೊಡುತ್ತಾರೆ. ನಮ್ಮ ಅತ್ತೆಯವರು ಯಾವುದನ್ನೂ ಮುಟ್ಟಬಾರದು ಎನ್ನುತ್ತಾರೆ. ಬಾಗಿಲಲ್ಲಿ ನಿಂತ ಮಗುವಿಗೆ ಬೇಡ ಎನ್ನಲು ನನಗೆ ಬಾಯಿ ಬರುವುದಿಲ್ಲ. ಇನ್ನೊಂದು ವಿಷಯ. ಅತ್ತೆಯವರು ಏನೇ ತೀರ್ಮಾನ ಮಾಡಬೇಕಾದರೂ ಕಣ್ಣು ಮುಚ್ಚಿ ಸತ್ಯವೇದ (ಬೈಬಲ್) ತೆರೆದು ಬೆರಳಿಡುತ್ತಾರೆ. ಹೊಸ ವರ್ಷದ ರಾತ್ರಿ ಆರಾಧನೆಯಲ್ಲಿ ವಚನ ಅಚ್ಚಾದ ಕಾರ್ಡುಗಳಲ್ಲಿ ನನಗೆ ಬಂದ ವಾಗ್ದಾನದ ಕಾರ್ಡು ಯೆರೆಮೀಯ 29:11. ದಿನವೂ ಅದನ್ನೇ ಹಿಡಿದು ಪ್ರಾರ್ಥಿಸುತ್ತಿದ್ದೇನೆ. ವಾಕ್ಯವನ್ನು ಹೀಗೆ ಓದುವುದು ಸರಿಯೇ?

ಕಡೆಗೆ ಒಂದು ಮಾತು. ನಾನು ಹೌಸ್‌ಕೀಪಿಂಗ್ ಕಂಟ್ರಾಕ್ಟರ್ ಒಬ್ಬರ ಆಫೀಸಿನಲ್ಲಿ ಅಕೌಂಟ್ಸ್ ನೋಡುತ್ತೇನೆ. 22 ಹೆಂಗಸರಿಗೆ ಕಾನೂನಿನ ಪ್ರಕಾರ ಪೂರ್ತಿ ಸಂಬಳ ಬ್ಯಾಂಕಿಗೆ ಹಾಕುತ್ತೇವೆ. ಕೈಗೆ ಬರುವುದು ಸುಮಾರು 15,000. ಮಾರನೇ ದಿನ ಸೂಪರ್‌ವೈಸರ್ ಪ್ರತಿಯೊಬ್ಬರಿಂದ 2,500 ರೂಪಾಯಿ ನಗದು ವಾಪಸ್ ತರುತ್ತಾರೆ. ರಿಜಿಸ್ಟರ್ ಬರೆಯುವುದೂ ನಾನೇ, ವಾಪಸ್ ಬಂದದ್ದನ್ನು ಬೇರೆ ನೋಟ್‌ಬುಕ್ಕಿನಲ್ಲಿ ಟಿಕ್ ಮಾಡುವುದೂ ನಾನೇ. ದೀಪಾವಳಿಗೆ ಸಾಹೇಬರು ಲಕೋಟೆಯಲ್ಲಿ 5,000 ಬೇರೆಯಾಗಿ ಕೊಟ್ಟರು. ಅದರಲ್ಲಿ ಹತ್ತರಲ್ಲೊಂದು ಪಾಲನ್ನು ಸಭೆಗೆ ದಶಮಾಂಶವಾಗಿ ಕೊಡಬಹುದೇ?

(ಪತ್ರವನ್ನು ಚಿಕ್ಕದಾಗಿಸಿದೆ. ಗುರುತು ಸಿಗುವ ವಿವರಗಳನ್ನು ಬಿಟ್ಟಿದೆ.)

ಉತ್ತರ: ಪ್ರಿಯ ಸಹೋದರಿ,

ನಿಮ್ಮ ಮೂಲ ಪತ್ರದಲ್ಲಿ ಎಳ್ಳು-ಬೆಲ್ಲಕ್ಕೆ ಎರಡು ಪುಟ, ವಾಗ್ದಾನದ ಕಾರ್ಡಿಗೆ ಒಂದು ಪುಟ, ಸಂಬಳದ ವಿಷಯಕ್ಕೆ ಕೊನೆಯಲ್ಲಿ ಇಷ್ಟೇ ಸಾಲು. ನಾನು ಕೊನೆಯಿಂದ ಶುರು ಮಾಡುತ್ತೇನೆ. ಇದು ನಿಮ್ಮೊಬ್ಬರ ತಪ್ಪೆಂದು ತಿಳಿಯಬೇಡಿ. ನಮ್ಮ ಕ್ರೈಸ್ತ ಸಭೆಗಳಲ್ಲಿ ನಾವು ಕಲಿಸಿರುವ ಅನುಕ್ರಮವೇ ಹೀಗಿದೆ. ಏನು ತಿನ್ನಬೇಕು, ಏನು ಉಡಬೇಕು, ಹಣೆಗೆ ಏನು ಇಡಬಾರದು ಎಂಬುದರ ಮೇಲೆ ಪ್ರಸಂಗದ ಮೇಲೆ ಪ್ರಸಂಗ ಕೇಳಿದ್ದೇವೆ. ಸಂಬಳ ಕೊಡುವ ಒಂದನೇ ತಾರೀಖಿನ ಬಗ್ಗೆ ಯಾರೂ ಬಾಯಿ ಬಿಟ್ಟಿಲ್ಲ. ಪುದೀನ, ಸಬ್ಬಸಿಗೆ, ಜೀರಿಗೆಯಲ್ಲೂ ಹತ್ತರಲ್ಲೊಂದು ಪಾಲು ಎಣಿಸಿ ಕೊಡುತ್ತೀರಿ, ನ್ಯಾಯವನ್ನೂ ಕರುಣೆಯನ್ನೂ ಬಿಟ್ಟಿದ್ದೀರಿ ಎಂದು ಯೇಸು ಗದರಿದ್ದು ದೇವರಿಲ್ಲದವರನ್ನಲ್ಲ. ಶಾಸ್ತ್ರ ಬಲ್ಲ ಭಕ್ತರನ್ನೇ.

ಸತ್ಯವೇದದ ಯಾಜಕಕಾಂಡ 19ನೇ ಅಧ್ಯಾಯವನ್ನು ಇವತ್ತು ರಾತ್ರಿ ಒಮ್ಮೆ ಪೂರ್ತಿ ಓದಿ. ಯಾಜಕಕಾಂಡವೆಂದರೆ ಬಲಿ, ರಕ್ತ, ಕುಷ್ಠ ಎಂದು ಪುಟ ಮಗುಚಿ ಮುಂದೆ ಹೋಗುವವರೇ ಹೆಚ್ಚು. ಆದರೆ ನಿನ್ನ ನೆರೆಯವನನ್ನು ನಿನ್ನಂತೆಯೇ ಪ್ರೀತಿಸು ಎಂಬ ಮಾತು ಮೊದಲು ಬರುವುದು ಅಲ್ಲೇ, 18ನೇ ವಚನದಲ್ಲಿ. ಯೇಸು ಅದನ್ನು ಎತ್ತಿ ಹೇಳಿದ್ದರಿಂದ ನಮಗೆ ಅದು ಸುವಾರ್ತೆಯ ಮಾತಾಗಿ ಮಾತ್ರ ಪರಿಚಯ. ಅದರ ಸುತ್ತ ಏನಿದೆ ನೋಡಿ. ಹೊಲ ಕೊಯ್ಯುವಾಗ ಅಂಚಿನ ಪೈರನ್ನು ಬಡವರಿಗೂ ಪರದೇಶದವರಿಗೂ ಬಿಡಬೇಕು. ಸುಳ್ಳು ಹೇಳಬಾರದು. ಕೂಲಿಯವನ ಕೂಲಿ ಬೆಳಗಿನ ತನಕ ನಿನ್ನ ಹತ್ತಿರ ಉಳಿಯಬಾರದು; ಇದು 13ನೇ ವಚನ. ಕಿವುಡನನ್ನು ಬಯ್ಯಬಾರದು, ಕುರುಡನ ಮುಂದೆ ಎಡವುವ ವಸ್ತು ಇಡಬಾರದು. ಆಮೇಲೆ ಪ್ರೀತಿಸು ಎಂಬ ಮಾತು. ಅಧ್ಯಾಯದ ಕಡೆಗೆ ತಕ್ಕಡಿ, ತೂಕದ ಕಲ್ಲು, ಅಳತೆಯ ಸೇರು. ಅಂದರೆ ಪ್ರೀತಿ ಎಂಬುದು ಆ ಅಧ್ಯಾಯದಲ್ಲಿ ಎದೆ ತುಂಬಿ ಬರುವ ಭಾವನೆಯಲ್ಲ. ಕೂಲಿ ಮತ್ತು ತಕ್ಕಡಿಯ ನಡುವೆ ಅದು ಕೂತಿದೆ. ಸಂಬಳದ ಪುಸ್ತಕ ಬರೆಯುವವರಿಗೆ ಇದಕ್ಕಿಂತ ಹತ್ತಿರದ ವಾಕ್ಯ ಬೇರೆ ಎಲ್ಲಿ ಸಿಗಬೇಕು?

ಧರ್ಮೋಪದೇಶಕಾಂಡ 24 ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಕಾರಣ ಹೇಳುತ್ತದೆ. ಕೂಲಿಯವನು ಬಡವ, ಆ ಹಣದ ಮೇಲೇ ಆಸೆ ಇಟ್ಟುಕೊಂಡಿರುತ್ತಾನೆ, ಹೊತ್ತು ಮುಳುಗುವುದರೊಳಗೆ ಕೊಡು, ಇಲ್ಲದಿದ್ದರೆ ಅವನು ನಿನ್ನ ವಿಷಯವಾಗಿ ದೇವರಿಗೆ ಮೊರೆಯಿಟ್ಟಾನು. ಯೆರೆಮೀಯ 22ರಲ್ಲಿ ಪ್ರವಾದಿ ಸ್ವತಃ ಅರಸನಿಗೇ ಅಯ್ಯೋ ಎನ್ನುತ್ತಾನೆ. ನೆರೆಯವನಿಂದ ಬಿಟ್ಟಿ ಕೆಲಸ ಮಾಡಿಸಿಕೊಂಡು ದೇವದಾರಿನ ಅರಮನೆ ಕಟ್ಟಿಸಿಕೊಂಡ ಅರಸ ಅವನು. ಯಾಕೋಬನ ಪತ್ರದ 5ನೇ ಅಧ್ಯಾಯದಲ್ಲಿ ಮೊರೆಯಿಡುವವರು ಆಳುಗಳು ಮಾತ್ರವಲ್ಲ. ಮೋಸದಿಂದ ಹಿಡಿದಿಟ್ಟ ಕೂಲಿಯೇ ಕೂಗುತ್ತದೆ. ನಿಮ್ಮ ನೋಟ್‌ಬುಕ್ಕಿನ ಲೆಕ್ಕ ಮಾಡಿ. ಒಬ್ಬ ಹೆಂಗಸಿಗೆ ವರ್ಷಕ್ಕೆ 30,000 ರೂಪಾಯಿ, ಅಂದರೆ ಎರಡು ತಿಂಗಳು ಬಿಟ್ಟಿ ಕೆಲಸ. 22 ಜನರಿಗೆ ವರ್ಷಕ್ಕೆ ಆರೂವರೆ ಲಕ್ಷ ದಾಟುತ್ತದೆ. ಇದು ಸಾಹೇಬರ ಉಳಿತಾಯವಲ್ಲ, ಕಳವು. ಒಬ್ಬೊಬ್ಬರ ಹೆಸರಿನ ಮುಂದೆ ನೀವು ಹಾಕುವ ಟಿಕ್ ಆ ಕಳವಿನ ರಸೀದಿ. ಮಾತು ಒರಟಾಯಿತು, ಆದರೆ ನಿಮಗೂ ಇದು ಗೊತ್ತಿದೆ. ಗೊತ್ತಿಲ್ಲದಿದ್ದರೆ ಆ ಸಾಲುಗಳನ್ನು ಕಡೆಗೆ ಸೇರಿಸುತ್ತಿರಲಿಲ್ಲ.

ಹಾಗಾದರೆ ನಾಳೆಯೇ ಕೆಲಸ ಬಿಡಬೇಕೇ? ನಾನು ಹಾಗೆ ಹೇಳುವುದಿಲ್ಲ. ವೇದಿಕೆಯ ಮೇಲಿಂದ ಇನ್ನೊಬ್ಬರ ಕೆಲಸ ಬಿಡಿಸುವುದು ಬಹಳ ಸುಲಭ, ಮನೆ ಬಾಡಿಗೆ ಕಟ್ಟಬೇಕಾದವರು ಅವರು. ಲೂಕ 3ರಲ್ಲಿ ಸ್ನಾನಿಕನಾದ ಯೋಹಾನನ ಹತ್ತಿರ ಜನ ಬಂದು, ನಾವೇನು ಮಾಡಬೇಕು ಎಂದು ಕೇಳುತ್ತಾರೆ. ಎರಡು ಅಂಗಿ ಇದ್ದವನು ಇಲ್ಲದವನಿಗೆ ಒಂದು ಕೊಡಲಿ ಎನ್ನುತ್ತಾನೆ. ಸುಂಕದವರು ಕೇಳುತ್ತಾರೆ. ಗೊತ್ತುಮಾಡಿದ್ದಕ್ಕಿಂತ ಹೆಚ್ಚು ವಸೂಲು ಮಾಡಬೇಡಿ. ಸಿಪಾಯಿಗಳು ಕೇಳುತ್ತಾರೆ. ಯಾರನ್ನೂ ಹೆದರಿಸಿ ಹಣ ಕೀಳಬೇಡಿ, ಸುಳ್ಳು ದೂರು ಹೊರಿಸಬೇಡಿ, ನಿಮ್ಮ ಸಂಬಳದಲ್ಲಿ ತೃಪ್ತರಾಗಿರಿ. ಅಡವಿಯಲ್ಲಿ ಮಿಡತೆ, ಜೇನು ತಿಂದು ಬದುಕುತ್ತಿದ್ದ ಮನುಷ್ಯ, ನನ್ನ ಹಾಗೆ ಎಲ್ಲ ಬಿಟ್ಟು ಬನ್ನಿ ಎಂದು ಒಬ್ಬರಿಗೂ ಹೇಳಲಿಲ್ಲ. ರೋಮಿನ ಸುಂಕ ವ್ಯವಸ್ಥೆಯೇ ಕೊಳೆತಿತ್ತು, ಆದರೂ ಆ ಮೇಜಿನ ಹಿಂದೆ ಕೂತವನಿಗೆ ಅವನ ಕೈಯಳತೆಯಲ್ಲಿರುವ ಒಂದು ಕೆಲಸವನ್ನು ತೋರಿಸಿಕೊಟ್ಟ.

ಇನ್ನಿಬ್ಬರು ನೌಕರರ ಕಥೆಯನ್ನು ನಾನು ಆಗಾಗ ನೆನೆಯುತ್ತೇನೆ. ಒಬ್ಬ ಓಬದ್ಯ. ದುಷ್ಟ ಅರಸ ಅಹಾಬನ ಅರಮನೆಯ ಮೇಲ್ವಿಚಾರಕ. ರಾಣಿ ಈಜೆಬೆಲ್ ಪ್ರವಾದಿಗಳನ್ನು ಕೊಲ್ಲಿಸುತ್ತಿದ್ದಾಗ ಅವನು ನೂರು ಮಂದಿಯನ್ನು ಗವಿಗಳಲ್ಲಿ ಐವತ್ತೈವತ್ತರಂತೆ ಅಡಗಿಸಿ ಅನ್ನ ನೀರು ಕೊಟ್ಟ. ಅರಮನೆಯ ಉಗ್ರಾಣ ಅವನ ಕೈಯಲ್ಲಿದ್ದದ್ದಕ್ಕೇ ಅದು ಸಾಧ್ಯವಾಯಿತು. ಇನ್ನೊಬ್ಬ ನಾಮಾನ, ಅರಾಮಿನ ಸೇನಾಪತಿ. ಕುಷ್ಠ ವಾಸಿಯಾದ ಮೇಲೆ ಪ್ರವಾದಿ ಎಲೀಷನ ಹತ್ತಿರ ಒಂದು ವಿನಾಯಿತಿ ಕೇಳುತ್ತಾನೆ. ನನ್ನ ಅರಸ ರಿಮ್ಮೋನನ ಗುಡಿಗೆ ಹೋದಾಗ ನನ್ನ ಕೈಯನ್ನು ಆತುಕೊಳ್ಳುತ್ತಾನೆ, ಅವನೊಂದಿಗೆ ನಾನೂ ಬಗ್ಗಬೇಕಾಗುತ್ತದೆ, ದೇವರು ಅದನ್ನು ಕ್ಷಮಿಸಲಿ. ಎಲೀಷ ಉಪದೇಶ ಮಾಡಲಿಲ್ಲ. ಸಮಾಧಾನದಿಂದ ಹೋಗು ಎಂದು ಕಳಿಸಿದ. ಹೊಟ್ಟೆಪಾಡಿನ ಇಕ್ಕಟ್ಟು ಸತ್ಯವೇದಕ್ಕೆ ಗೊತ್ತಿದೆ.

ಆದರೆ ಒಂದು ವ್ಯತ್ಯಾಸವಿದೆ. ನಾಮಾನ ಬಗ್ಗಿದ್ದರಿಂದ ಯಾವ ಕೂಲಿಯವಳ ಮನೆಯಲ್ಲೂ ಒಲೆ ಆರಲಿಲ್ಲ. ನಿಮ್ಮ ನೋಟ್‌ಬುಕ್ಕಿನಿಂದ ಆರುತ್ತದೆ. ಇಂಥ ಇಕ್ಕಟ್ಟಿನ ಪ್ರಶ್ನೆ ಬಂದಾಗ ನಾನು ಮೊದಲು ಕೇಳುವುದು ಇದನ್ನೇ: ಇದರ ಭಾರ ಯಾರ ಬೆನ್ನಿಗೆ ಬೀಳುತ್ತದೆ? ನನ್ನ ಸ್ವಂತ ಶುದ್ಧಿಯ ಪ್ರಶ್ನೆ ಮಾತ್ರವಾಗಿದ್ದರೆ ವಾಕ್ಯ ಬಹಳ ಸಡಿಲ ಕೊಡುತ್ತದೆ. ಇನ್ನೊಬ್ಬರ, ಅದರಲ್ಲೂ ಬಡವರ ಬೆನ್ನಾಗಿದ್ದರೆ ಒಂದು ಗೇಣೂ ಕೊಡುವುದಿಲ್ಲ.

ನಿಮ್ಮಂತೆಯೇ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದ ಒಬ್ಬರ ಬಗ್ಗೆ ಹೇಳಬೇಕು. ಜಾನ್ ವೂಲ್‌ಮನ್, ಅಮೆರಿಕದ ನ್ಯೂಜೆರ್ಸಿಯವರು, ಹುಟ್ಟಿದ್ದು 1720ರಲ್ಲಿ. ಕ್ವೇಕರ್ ಪಂಗಡದ ಕ್ರೈಸ್ತರು. ಮೌಂಟ್ ಹಾಲಿ ಎಂಬ ಊರಿನ ಅಂಗಡಿಯೊಂದರಲ್ಲಿ ಗುಮಾಸ್ತರಾಗಿದ್ದಾಗ, ಇಪ್ಪತ್ತರ ಆಸುಪಾಸಿನ ವಯಸ್ಸು, ಒಂದು ದಿನ ಯಜಮಾನರು ಒಬ್ಬ ಕಪ್ಪು ಹೆಂಗಸನ್ನು ಮಾರಿ, ಕ್ರಯಪತ್ರ ಬರೆಯಲು ಹೇಳಿದರು. ಕೊಳ್ಳುವವರು ಎದುರಿಗೇ ಕಾಯುತ್ತಿದ್ದರು, ಅವರೂ ಅದೇ ಪಂಗಡದ ಹಿರಿಯರು. ವೂಲ್‌ಮನ್ನರಿಗೆ ಮನಸ್ಸು ಒಪ್ಪಲಿಲ್ಲ. ಆದರೂ ಬರೆದರು. ವರ್ಷದ ಲೆಕ್ಕಕ್ಕೆ ಸೇರಿದ ಆಳು ನಾನು, ಹೇಳಿದ್ದು ಯಜಮಾನ, ಕೊಳ್ಳುವವರು ನಮ್ಮವರೇ ಎಂದು ತಮ್ಮನ್ನು ತಾವೇ ಸಮಾಧಾನಪಡಿಸಿಕೊಂಡರು. ಬರೆದು ಮುಗಿಸುವ ಹೊತ್ತಿಗೆ ಎಷ್ಟು ಕಸಿವಿಸಿಯಾಯಿತೆಂದರೆ, ಗುಲಾಮರನ್ನು ಇಟ್ಟುಕೊಳ್ಳುವುದು ಕ್ರೈಸ್ತ ಧರ್ಮಕ್ಕೆ ಹೊಂದುವುದಿಲ್ಲ ಎಂದು ನನಗನ್ನಿಸುತ್ತದೆ ಎಂದು ಇಬ್ಬರ ಮುಂದೆಯೂ ಹೇಳಿಬಿಟ್ಟರು. ಪತ್ರ ಮಾತ್ರ ಬರೆದಾಗಿತ್ತು, ಆ ಹೆಂಗಸು ಮಾರಾಟವಾಗಿದ್ದಳು.

ಮುಂದೆ ಅಂಥದೇ ಕೆಲಸ ಬಂದಾಗ ಅವರು ಒಲ್ಲೆ ಎಂದರು. ಒಮ್ಮೆ ಮೈಗೆ ಪೆಟ್ಟಾಗಿ ಹಾಸಿಗೆ ಹಿಡಿದಿದ್ದ ನೆರೆಯವರೊಬ್ಬರು ಕರೆಸಿ, ಉಯಿಲು ಬರೆದುಕೊಡಲು ಕೇಳಿದರು. ವೂಲ್‌ಮನ್ ಉಯಿಲಿನ ಉಳಿದ ಭಾಗವನ್ನೆಲ್ಲ ಬರೆದರು. ಮನೆಯ ಗುಲಾಮ ಹೆಣ್ಣುಮಗಳು ಯಾರಿಗೆ ಸೇರಬೇಕು ಎಂಬ ಭಾಗವನ್ನು ಮಾತ್ರ ಬಿಟ್ಟು, ಹಾಸಿಗೆಯ ಪಕ್ಕ ಕೂತು ಓದಿ ಹೇಳಿದರು. ಇಂಥದ್ದನ್ನು ಬರೆದರೆ ನನ್ನ ಮನಸ್ಸಿಗೆ ನೆಮ್ಮದಿ ಇರುವುದಿಲ್ಲ, ಇಷ್ಟು ಬರೆದದ್ದಕ್ಕೆ ನನಗೆ ಏನೂ ಕೊಡಬೇಡಿ, ಉಳಿದದ್ದನ್ನು ಬರೆಯುವುದರಿಂದ ನನ್ನನ್ನು ಬಿಟ್ಟುಬಿಡಿ ಎಂದರು. ಜಗಳವಿಲ್ಲ, ಶಾಪವಿಲ್ಲ. ಇಬ್ಬರೂ ಕೂತು ಗಂಭೀರವಾಗಿ ಮಾತಾಡಿದರು. ಕಡೆಗೆ ಆ ಮನುಷ್ಯ ಅವಳನ್ನು ಬಿಡುಗಡೆ ಮಾಡಲು ಒಪ್ಪಿದ ಮೇಲೆ ಉಯಿಲು ಪೂರ್ತಿಯಾಯಿತು. ಹೀಗೆ ಮನೆಮನೆಗೆ ಹೋಗಿ, ಕೂತು, ಮೆಲ್ಲಗೆ ಮಾತಾಡುತ್ತಲೇ ಅವರ ಆಯುಷ್ಯ ಕಳೆಯಿತು. 1758ರಲ್ಲಿ ಫಿಲಡೆಲ್ಫಿಯಾದ ಕ್ವೇಕರರ ವಾರ್ಷಿಕ ಸಭೆ ಗುಲಾಮರನ್ನು ಇಟ್ಟುಕೊಂಡ ಸದಸ್ಯರ ಮನೆಗಳಿಗೆ ಜನ ಕಳಿಸಲು ತೀರ್ಮಾನಿಸಿತು. 1776ರಲ್ಲಿ, ಅವರು ತೀರಿಹೋಗಿ ನಾಲ್ಕು ವರ್ಷವಾದ ಮೇಲೆ, ಗುಲಾಮರನ್ನು ಹೊಂದುವುದನ್ನೇ ಸದಸ್ಯರಿಗೆ ನಿಷೇಧಿಸಿತು. ನನಗೆ ಹಿಡಿಸುವುದು ಆ ಫಲಿತಾಂಶಕ್ಕಿಂತ ಅವರ ರೀತಿ. ಎಷ್ಟು ಬರೆಯಬಹುದೋ ಅಷ್ಟನ್ನು ಪ್ರಾಮಾಣಿಕವಾಗಿ ಬರೆದು, ಬರೆಯಲಾಗದ ಜಾಗದಲ್ಲಿ ಪೆನ್ನು ಎತ್ತಿ, ಅದರ ನಷ್ಟವನ್ನು ತಮ್ಮ ಜೇಬಿನಿಂದ ತೆತ್ತರು.

ನಿಮಗೂ ಅಂಥ ಜಾಗ ಒಂದಿದೆ. ರಿಜಿಸ್ಟರ್ ಬರೆಯುವುದು ನಿಮ್ಮ ಕೆಲಸ. ಆ ಎರಡನೇ ನೋಟ್‌ಬುಕ್ ನಿಮ್ಮ ಕೆಲಸವಲ್ಲ. ಸಾಹೇಬರ ಹತ್ತಿರ ಒಬ್ಬರೇ ಹೋಗಿ, ಬಾಗಿಲು ಹಾಕಿಕೊಂಡು, ಆ ನೋಟ್‌ಬುಕ್ ನಾನು ಇನ್ನು ಬರೆಯಲಾರೆ ಎಂದು ಹೇಳಿ. ವಚನ ಉದ್ಧರಿಸಬೇಡಿ, ಯಾಜಕಕಾಂಡ ನಿಮ್ಮ ಬೆನ್ನೆಲುಬಿಗೆ, ಅವರ ಕಿವಿಗಲ್ಲ. ಅವರಿಗೆ ಅರ್ಥವಾಗುವ ಭಾಷೆಯಲ್ಲಿ ಮಾತಾಡಿ. ಕನಿಷ್ಠ ವೇತನ ಈ ದೇಶದಲ್ಲಿ 1948ರಿಂದ ಕಾನೂನಿನ ಮಾತು. ಕೊಟ್ಟ ಹಾಗೆ ಮಾಡಿ ವಾಪಸ್ ಪಡೆದದ್ದು ಹೊರಬಿದ್ದರೆ ಕಂಟ್ರಾಕ್ಟರ್ ಮಾತ್ರವಲ್ಲ, ಕೆಲಸ ಮಾಡಿಸಿಕೊಂಡ ಕಂಪನಿಯೂ ಉತ್ತರ ಹೇಳಬೇಕಾಗುತ್ತದೆ, ಅಂಥ ಕಂಪನಿ ಮುಂದಿನ ಸಲ ಟೆಂಡರ್ ಕೊಡುವುದಿಲ್ಲ. ದಾನಿಯೇಲ ಬಾಬಿಲೋನಿನಲ್ಲಿ ಹೀಗೇ ಮಾಡಿದ. ಅರಸನ ಊಟ ಒಲ್ಲೆ ಎಂದು ತಟ್ಟೆ ತಳ್ಳಲಿಲ್ಲ. ಹತ್ತು ದಿನ ಕಾಳು, ನೀರು ಕೊಟ್ಟು ನೋಡಿ, ಆಮೇಲೆ ನೀವೇ ತೀರ್ಮಾನಿಸಿ ಎಂದು ವಿಚಾರಕನ ಮುಂದೆ ಒಂದು ಉಪಾಯವನ್ನೂ ಇಟ್ಟ. ನೀವೂ ಒಂದು ದಾರಿ ಇಟ್ಟುಕೊಂಡು ಹೋಗಿ. ರೇಟು ಸಾಲದೇ ಹೋದರೆ ಮುಂದಿನ ಕರಾರಿನಲ್ಲಿ ಸರಿಯಾದ ರೇಟು ಕೇಳೋಣ, ಹಾಳೆ ನಾನೇ ತಯಾರು ಮಾಡಿಕೊಡುತ್ತೇನೆ ಎನ್ನಿ. ಕೇಳಿದರೆ ಒಳ್ಳೆಯದು. ಕೇಳದೇ ಇರುವುದೇ ಹೆಚ್ಚು ಸಂಭವ ಎಂಬುದು ನನಗೂ ಗೊತ್ತು. ಆದ್ದರಿಂದ ಆ ಮಾತಿಗೆ ಮೊದಲೇ ಬೇರೆ ಕೆಲಸ ಹುಡುಕಲು ಶುರುಮಾಡಿ, ಒಂದೆರಡು ತಿಂಗಳ ಖರ್ಚು ಕೂಡಿಡಿ, ಗಂಡನಿಗೆ ವಿಷಯ ಪೂರ್ತಿ ತಿಳಿಸಿ.

ದೂರು ಕೊಡುವ ವಿಷಯದಲ್ಲಿ ಅವಸರ ಬೇಡ. ನಿಮ್ಮ ಮನಸ್ಸಾಕ್ಷಿ ಹಗುರವಾಗಲೆಂದು ನೀವು ಒಂದು ಅರ್ಜಿ ಹಾಕಿ, ಮಾರನೇ ದಿನ 22 ಹೆಂಗಸರ ಕೆಲಸ ಹೋದರೆ ಅದು ನ್ಯಾಯವಲ್ಲ. ಮೊದಲು ಅವರನ್ನು ಕೇಳಬೇಕು. ಎಲ್ಲರನ್ನೂ ಒಟ್ಟಿಗೆ ಅಲ್ಲ, ಅವರಲ್ಲಿ ಮಾತು ನಡೆಯುವ ಒಬ್ಬಿಬ್ಬರನ್ನು. ಎಷ್ಟೋ ಜನಕ್ಕೆ ತಮ್ಮ ಪಿಎಫ್ ಖಾತೆಯಲ್ಲಿ ಏನಿದೆ ಎಂದೇ ಗೊತ್ತಿರುವುದಿಲ್ಲ. ಮೂಲ ಸಂಬಳ ಮತ್ತು ತುಟ್ಟಿಭತ್ಯೆಯ ಶೇ. 12 ಅವರ ಪಾಲು, ಅಷ್ಟೇ ಮಾಲೀಕರ ಪಾಲು (ಅದರಲ್ಲಿ ಹೆಚ್ಚಿನದು ಪಿಂಚಣಿಗೆ) ಜಮೆಯಾಗಬೇಕು. ಉಮಂಗ್ ಆ್ಯಪ್‌ನಲ್ಲಿ ಪಿಎಫ್ ಖಾತೆಯ ಯುಎಎನ್ ನಂಬರ್ ಹಾಕಿ ಪಾಸ್‌ಬುಕ್ ನೋಡುವುದನ್ನು ಹೇಳಿಕೊಡಿ. ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಐದು ನಿಮಿಷದ ಕೆಲಸ. ಇಎಸ್‌ಐ (ನೌಕರರ ಆರೋಗ್ಯ ವಿಮೆ) ಕಾರ್ಡು ಇದೆಯೇ, ಮಕ್ಕಳ ಹೆಸರು ಸೇರಿದೆಯೇ ನೋಡಿ. ಅವರೇ ಮುಂದೆ ಬಂದು ದೂರು ಕೊಡಲು ಮನಸ್ಸು ಮಾಡಿದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಂಗಸರಿಗೆ ಆದಾಯ ಎಷ್ಟೇ ಇರಲಿ ವಕೀಲರ ನೆರವು ಉಚಿತ. ಓಬದ್ಯನ ಗವಿ ಇವತ್ತು ಇಂಥ ಜಾಗಗಳಲ್ಲೇ ಇದೆ ಎಂದು ನನಗನ್ನಿಸುತ್ತದೆ.

ಇಷ್ಟೆಲ್ಲ ಹೇಳಿ ನಿಮ್ಮ ಒಬ್ಬರ ಮೇಲೆ ಹೊರಿಸಿ ಕೈತೊಳೆದುಕೊಂಡರೆ ಸಭೆ ಎಂಬುದಕ್ಕೆ ಅರ್ಥವಿಲ್ಲ. ನಮ್ಮ ಕರಾವಳಿಯಲ್ಲೇ ನಡೆದದ್ದು. 1834ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದರು. ಕ್ರೈಸ್ತರಾದವರಲ್ಲಿ ಬಿಲ್ಲವರು ಬಹಳ ಮಂದಿ, ಶೇಂದಿ ಇಳಿಸುವುದು ಅವರಲ್ಲಿ ಅನೇಕರ ಕಸುಬು. ಅದನ್ನು ಮುಂದುವರಿಸಕೂಡದು ಎಂದಿತು ಮಿಷನ್. ಕಸುಬು ಹೋಯಿತು. ಕೆಲವರಿಗೆ ಗೇಣಿಯ ಜಮೀನೂ ಮನೆಯೂ ಹೋಯಿತು. ಬರೀ ಪ್ರಾರ್ಥನೆಯಿಂದ ಹೊಟ್ಟೆ ತುಂಬುವುದಿಲ್ಲವೆಂದು ಗೊತ್ತಾದಾಗ ಮಿಷನ್ ನೇಯ್ಗೆ, ಮುದ್ರಣ, ಪುಸ್ತಕ ಕಟ್ಟುವ ಕೆಲಸಕ್ಕೆ ಕೈಹಾಕಿತು. 1865ರಲ್ಲಿ ಜೆಪ್ಪುವಿನಲ್ಲಿ ಜಾರ್ಜ್ ಪ್ಲೆಬ್ಸ್ಟ್ ಹೆಂಚಿನ ಕಾರ್ಖಾನೆ ಶುರುಮಾಡಿದರು. ಇವತ್ತಿಗೂ ಮಂಗಳೂರು ಹೆಂಚು ಎನ್ನುತ್ತೇವಲ್ಲ, ಅದರ ಹಿಂದೆ ಈ ಹೊಟ್ಟೆಪಾಡಿನ ಪ್ರಶ್ನೆಯೂ ಇದೆ. ಎಲ್ಲವೂ ಪುಣ್ಯಕಾರ್ಯ ಎನ್ನಲಾರೆ. ಪಾದ್ರಿಗಳೇ ಮಾಲೀಕರಾದಾಗ ಆಗುವ ಯಜಮಾನಿಕೆ ಅಲ್ಲೂ ಇತ್ತು. ಆದರೂ ಒಂದು ಮಾತು ಒಪ್ಪಬೇಕು: ಬಿಡು ಎಂದವರು, ಬಿಟ್ಟವನ ಊಟದ ಯೋಚನೆಯನ್ನೂ ಮಾಡಿದರು.

ಹಾಗೆಯೇ ಮಿಜೋರಾಂನಲ್ಲಿ 1910ರಿಂದ ನಡೆದುಬಂದ ಪದ್ಧತಿ. ಅಡುಗೆಗೆ ಅಕ್ಕಿ ಹಾಕುವಾಗಲೆಲ್ಲ ಒಂದು ಹಿಡಿ ಬೇರೆ ಡಬ್ಬಿಗೆ ಹಾಕಿ, ಅದನ್ನು ಒಟ್ಟುಮಾಡಿ ಸಭೆಗೆ ಒಪ್ಪಿಸುತ್ತಾರೆ, ಅದರಿಂದ ಸಭೆಯ ಎಷ್ಟೋ ಕೆಲಸ ನಡೆಯುತ್ತದೆ. ನಮ್ಮ ಸಭೆಗಳಿಗೂ ಇಂಥ ಒಂದು ಹಿಡಿ ಸಾಧ್ಯ. ನಿಮ್ಮ ಸಭಾಪಾಲಕರ ಹತ್ತಿರ ಮಾತಾಡಿ. ಪ್ರಾಮಾಣಿಕತೆಗಾಗಿ ಕೆಲಸ ಕಳೆದುಕೊಂಡ ಒಬ್ಬ ಸದಸ್ಯೆಗೆ ಮೂರು ತಿಂಗಳ ಬಾಡಿಗೆ ಕೊಡಲಾಗದ ಸಭೆ, ಪ್ರಾಮಾಣಿಕತೆಯ ಬಗ್ಗೆ ಪ್ರಸಂಗ ಮಾಡಬಾರದು ಎಂದು ನಾನು ಹೇಳಿದೆನೆಂದು ಬೇಕಾದರೆ ಹೇಳಿ.

ಇನ್ನು ವಾಗ್ದಾನದ ಕಾರ್ಡು. ಡಿಸೆಂಬರ್ 31ರ ರಾತ್ರಿ, ಹನ್ನೆರಡು ಹೊಡೆದ ಮೇಲೆ, ಆ ತಟ್ಟೆಯಿಂದ ಕಾರ್ಡು ಎತ್ತುವಾಗ ಎಲ್ಲರ ಮುಖದಲ್ಲೂ ಕಾಣುವ ಆಸೆಯನ್ನು ನಾನು ಗೇಲಿ ಮಾಡುವುದಿಲ್ಲ. ಆದರೆ ಗಮನಿಸಿದ್ದೀರಾ, ಹಿಡಿದಿಟ್ಟ ಕೂಲಿ ಕೂಗುತ್ತದೆ ಎಂಬ ಕಾರ್ಡು ಯಾರಿಗೂ ಬರುವುದಿಲ್ಲ. ಅದನ್ನು ಅಚ್ಚು ಹಾಕಿಸುವುದೇ ಇಲ್ಲ. ಸಿಹಿ ವಚನಗಳನ್ನು ಮಾತ್ರ ಆರಿಸಿ ಇಟ್ಟಿರುತ್ತಾರೆ. ಸೈತಾನನೂ ಯೇಸುವಿನ ಹತ್ತಿರ ಬಂದದ್ದು ಇಂಥದೇ ಒಂದು ವಾಗ್ದಾನ ಹಿಡಿದುಕೊಂಡು, 91ನೇ ಕೀರ್ತನೆಯದು. ದೂತರು ನಿನ್ನನ್ನು ಕೈಗಳಲ್ಲಿ ಎತ್ತಿಕೊಳ್ಳುತ್ತಾರೆ, ದೇವಾಲಯದ ತುದಿಯಿಂದ ಧುಮುಕು ಎಂದ. ಯೇಸು ಧರ್ಮೋಪದೇಶಕಾಂಡದ ಇನ್ನೊಂದು ವಚನದಿಂದ ಉತ್ತರ ಕೊಟ್ಟು ಮೇಲೆಯೇ ನಿಂತರು. (ಅದೇ ಕೀರ್ತನೆಯ ಸ್ಟಿಕ್ಕರನ್ನು ಬೈಕಿಗೆ ಅಂಟಿಸಿಕೊಂಡು ಹೆಲ್ಮೆಟ್ ಇಲ್ಲದೆ ಓಡಾಡುವ ನಮ್ಮ ಯುವಕರಿಗೆ ಈ ಭಾಗವನ್ನು ಓದಿಸಬೇಕು.)

ನಿಮಗೆ ಬಂದ ಯೆರೆಮೀಯ 29:11ನ್ನೇ ತೆಗೆದುಕೊಳ್ಳಿ. ನಿಮಗೆ ಒಳ್ಳೆಯ ಭವಿಷ್ಯವಿದೆ, ನಿರೀಕ್ಷೆಯಿದೆ ಎಂಬ ಮಾತು ಅದು. ಅದು ಒಂದು ಪತ್ರದ ನಡುವಿನ ಸಾಲು. ಕ್ರಿ.ಪೂ. 597ರಲ್ಲಿ ಯೆಕೊನ್ಯ ಅರಸನ ಜೊತೆ ಬಾಬಿಲೋನಿಗೆ ಸೆರೆ ಹೋದವರಿಗೆ ಪ್ರವಾದಿ ಯೆರೂಸಲೇಮಿನಿಂದ ಬರೆದು ಕಳಿಸಿದ್ದು. ಹಿಂದಿನ ಅಧ್ಯಾಯದಲ್ಲಿ ಹನನ್ಯ ಎಂಬವನು ಎರಡೇ ವರ್ಷದಲ್ಲಿ ಎಲ್ಲ ಸರಿಹೋಗುತ್ತದೆ ಎಂದು ಸಾರುತ್ತಾನೆ. ಜನಕ್ಕೆ ಬೇಕಾಗಿದ್ದ ವಾಗ್ದಾನ ಅದೇ. ಯೆರೆಮೀಯ ಹೇಳುವುದು ಎಪ್ಪತ್ತು ವರ್ಷ! ನಿಮ್ಮ ವಚನದ ಹಿಂದಿನ ವಚನವೇ, 10ನೆಯದು. ಅಂದರೆ ಆ ಪತ್ರ ಕೇಳಿದ ಹಿರಿಯರು ಯಾರೂ ಆ ಭವಿಷ್ಯವನ್ನು ಕಣ್ಣಾರೆ ಕಾಣುವಂತಿರಲಿಲ್ಲ. ಅಲ್ಲಿಯವರೆಗೆ ಏನು ಮಾಡಬೇಕು? ಮನೆ ಕಟ್ಟಿಕೊಳ್ಳಿ, ತೋಟ ಹಾಕಿ ಅದರ ಫಲ ತಿನ್ನಿ, ಮಕ್ಕಳಿಗೆ ಮದುವೆ ಮಾಡಿ, ನೀವಿರುವ ಆ ಊರಿನ ಕ್ಷೇಮ ಬಯಸಿ ಅದಕ್ಕಾಗಿ ಪ್ರಾರ್ಥಿಸಿ, ಏಕೆಂದರೆ ಅದರ ಕ್ಷೇಮವೇ ನಿಮ್ಮ ಕ್ಷೇಮ. ತಮ್ಮನ್ನು ಸೆರೆ ಒಯ್ದ ಶತ್ರುವಿನ ಊರಿಗಾಗಿ! ಕಾರ್ಡಿನಲ್ಲಿ ಅಚ್ಚಾಗದೆ ಉಳಿದ ಈ ಸಾಲುಗಳಲ್ಲಿ ಒಂದು ಇಡೀ ಬಾಳಿನ ಕೆಲಸವಿದೆ.

ಆದ್ದರಿಂದ ಕಾರ್ಡು ಎಸೆಯಬೇಡಿ. ಕಾರ್ಡಿನಲ್ಲಿರುವ ವಚನದ ಅಧ್ಯಾಯವನ್ನು ಮೊದಲಿಂದ ಕಡೆಯವರೆಗೆ, ಸಾಧ್ಯವಾದರೆ ಹಿಂದಿನದನ್ನೂ ಸೇರಿಸಿ, ಅತ್ತೆಯವರ ಜೊತೆ ಕೂತು ಗಟ್ಟಿಯಾಗಿ ಓದಿ. ಇದನ್ನು ಯಾರು, ಯಾರಿಗೆ, ಯಾವ ಕಷ್ಟದಲ್ಲಿ ಹೇಳಿದರು ಎಂದು ಇಬ್ಬರೂ ಮಾತಾಡಿಕೊಳ್ಳಿ. ಬೆರಳಿಡುವ ಅಭ್ಯಾಸವನ್ನು ವಾದ ಮಾಡಿ ಬಿಡಿಸಲು ಹೋಗಬೇಡಿ, ವಯಸ್ಸಾದವರು. ಬೆರಳು ಬಿದ್ದ ಜಾಗದಿಂದ ಅಧ್ಯಾಯದ ತಲೆಗೆ ಹೋಗೋಣ ಅತ್ತೆ ಎಂದರೆ ಸಾಕು.

ಎಳ್ಳು-ಬೆಲ್ಲದ ವಿಷಯ ಈಗ ಚಿಕ್ಕದಾಗಿ ಮುಗಿಸಬಹುದು. ಪೌಲನಿಗೆ ಕೊರಿಂಥದಿಂದ ಹೆಚ್ಚುಕಡಿಮೆ ಇದೇ ಪ್ರಶ್ನೆ ಬಂದಿತ್ತು. ಅವನ ಉತ್ತರ ಮೊದಲನೇ ಕೊರಿಂಥದ 8ರಿಂದ 10ನೇ ಅಧ್ಯಾಯದವರೆಗೆ ಹರಡಿದೆ. ಅದು ಒಂದೇ ಗೆರೆಯ ಆಜ್ಞೆಯಲ್ಲ. ಗುಡಿಯೊಳಗಿನ ಆರಾಧನೆಯಲ್ಲಿ ಪಾಲುಗಾರರಾಗಬೇಡಿ ಎನ್ನುತ್ತಾನೆ, ಅದರಲ್ಲಿ ಗಟ್ಟಿ. ಪೇಟೆಯಲ್ಲಿ ಮಾರುವುದನ್ನು ಕೊಂಡು ತಿನ್ನಿ, ಎಲ್ಲಿಂದ ಬಂತೆಂದು ಕೆದಕಬೇಡಿ. ನಂಬದವರು ಊಟಕ್ಕೆ ಕರೆದರೆ, ಹೋಗಲು ಮನಸ್ಸಿದ್ದರೆ ಹೋಗಿ, ಬಡಿಸಿದ್ದನ್ನು ತಿನ್ನಿ. ಯಾರಾದರೂ ಇದು ಅರ್ಪಿಸಿದ್ದು ಎಂದು ಎತ್ತಿ ಹೇಳಿದರೆ, ಹಾಗೆ ಹೇಳಿದವನ ಮನಸ್ಸಾಕ್ಷಿಯ ಸಲುವಾಗಿ ಬಿಡಿ. ಕ್ಯಾಥೋಲಿಕರು, ಸಿಎಸ್‌ಐನವರು, ಪೆಂತೆಕೋಸ್ತಿನವರು ಇದನ್ನು ಬೇರೆಬೇರೆ ಬಿಗಿಯಲ್ಲಿ ಹಿಡಿಯುತ್ತಾರೆ, ಹಿಡಿಯಲಿ. ನನ್ನ ಅಭಿಪ್ರಾಯ ಕೇಳಿದಿರಿ: ಎಳ್ಳು-ಬೆಲ್ಲ ಸುಗ್ಗಿಯ ಹಂಚಿಕೆ, ಎರಡೂ ಕೈಯಲ್ಲಿ ತೆಗೆದುಕೊಳ್ಳಿ. ಗೃಹಪ್ರವೇಶದ ಎಲೆಗೆ ಕೂತು ಊಟ ಮಾಡಿ, ಮನೆ ಚೆನ್ನಾಗಿದೆ ಎನ್ನಿ. ಪ್ರಸಾದ ಎಂದು ಹೇಳಿಯೇ ಕೊಟ್ಟಾಗ ತೆಗೆದುಕೊಳ್ಳದೇ ಇರುವುದಾದರೆ ಮುಖ ಗಂಟಿಕ್ಕದೆ, ಕೈಮುಗಿದು, ನಮ್ಮಲ್ಲಿ ಪದ್ಧತಿ ಇಲ್ಲ, ತಪ್ಪು ತಿಳಿಯಬೇಡಿ ಎಂದು ಹೇಳಿ. ಪಕ್ಕದ ಮನೆಯವರು ನೀವಂದುಕೊಂಡದ್ದಕ್ಕಿಂತ ಹೆಚ್ಚು ಅರ್ಥ ಮಾಡಿಕೊಳ್ಳುತ್ತಾರೆ. ತೆಗೆದುಕೊಂಡು ಬಾಗಿಲು ಮುಚ್ಚಿದ ಮೇಲೆ ಕಸದ ಬುಟ್ಟಿಗೆ ಹಾಕುವುದನ್ನು ಮಾತ್ರ ಮಾಡಬೇಡಿ. ಕ್ರಿಸ್‌ಮಸ್ಸಿಗೆ ನೀವು ಕರ್ಜಿಕಾಯಿ, ಚಕ್ಕುಲಿ, ಕೇಕು ಜೋಡಿಸಿ ಕಳಿಸಿದ ತಟ್ಟೆಗೆ ಆ ಗತಿ ಬಂದರೆ ಹೇಗಿರುತ್ತದೆ ಯೋಚಿಸಿ. ಅತ್ತೆಯವರು ತಿನ್ನದಿದ್ದರೆ ಬಲವಂತ ಬೇಡ. ರೋಮಾಪುರದವರಿಗೆ ಬರೆದ 14ನೇ ಅಧ್ಯಾಯ ತಿನ್ನುವವನು ತಿನ್ನದವನನ್ನು ಹೀನೈಸಬಾರದು, ತಿನ್ನದವನು ತಿನ್ನುವವನ ಮೇಲೆ ತೀರ್ಪು ಹೇಳಬಾರದು ಎಂದು ಇಬ್ಬರಿಗೂ ಸೇರಿಸಿಯೇ ಹೇಳುತ್ತದೆ.

ಉಳಿದದ್ದು ದಶಮಾಂಶ. ನಿಮ್ಮ ತಿಂಗಳ ಸಂಬಳ ನಿಮ್ಮ ಕೆಲಸಕ್ಕೆ ಬಂದದ್ದು, ಅದರಲ್ಲಿ ಕಾಣಿಕೆ ಕೊಡುವುದನ್ನು ನಿಲ್ಲಿಸಬೇಕಾಗಿಲ್ಲ. ದೀಪಾವಳಿಯ ಲಕೋಟೆ ಬೇರೆ. ಆಫೀಸಿನ ಎಲ್ಲರಿಗೂ ಬಂದ ಬೋನಸ್ ಅದಲ್ಲ, ನಿಮಗೆ ಮಾತ್ರ ಬೇರೆಯಾಗಿ ಬಂದದ್ದು. ಯಾವ ಕೆಲಸಕ್ಕೆ ಬಂತೆಂದು ನಿಮಗೆ ಗೊತ್ತಿದೆ. ಅದರಲ್ಲಿ 500 ರೂಪಾಯಿ ಕಾಣಿಕೆ ಪೆಟ್ಟಿಗೆಗೆ ಹಾಕಿ ಉಳಿದ 4,500 ಶುದ್ಧವಾಯಿತು ಎಂದುಕೊಳ್ಳುವಂತಿಲ್ಲ. ಲೂಕ 19ರಲ್ಲಿ ಸುಂಕದ ಜಕ್ಕಾಯ ಎದ್ದುನಿಂತು ಲೆಕ್ಕ ಒಪ್ಪಿಸುವಾಗ ಆಸ್ತಿಯಲ್ಲಿ ಅರ್ಧ ಬಡವರಿಗೆ ಎಂದ, ಅನ್ಯಾಯವಾಗಿ ಯಾರಿಂದ ತೆಗೆದುಕೊಂಡನೋ ಅವರಿಗೆ ನಾಲ್ಕರಷ್ಟು ಹಿಂದಿರುಗಿಸುತ್ತೇನೆ ಎಂದ. ದೇವಾಲಯಕ್ಕೆ ಕೊಡುವ ಮಾತೇ ಅಲ್ಲಿಲ್ಲ. ಆ ಐದು ಸಾವಿರ ಆ 22 ಹೆಂಗಸರದ್ದು, ಒಬ್ಬೊಬ್ಬರ ಪಾಲಿಗೆ 227 ರೂಪಾಯಿಯಾಗುತ್ತದೆ. ನಗದು ಹಂಚಿದರೆ ಸೂಪರ್‌ವೈಸರ್ ಕಣ್ಣಿಗೆ ಬೀಳಬಹುದು, ಆಗ ತೊಂದರೆ ಅವರಿಗೇ. ಅವರಲ್ಲಿ ಯಾರ ಮನೆಯಲ್ಲಾದರೂ ಈ ತಿಂಗಳು ಆಸ್ಪತ್ರೆಯ ಖರ್ಚೋ ಮಕ್ಕಳ ಫೀಸೋ ಇದ್ದರೆ, ಯಾರಿಗೆ ಮೊದಲು ಬೇಕು ಎಂದು ಅವರನ್ನೇ ಕೇಳಿ ಅಲ್ಲಿಗೆ ಕೊಡಿ. ಮುಂದಿನ ದೀಪಾವಳಿಗೆ ಅಂಥ ಲಕೋಟೆ ಬಂದರೆ ತೆಗೆದುಕೊಳ್ಳಬೇಡಿ.